ತಿರುಗು ಗ್ಯಾಲರಿಯ ಹೊರ ಹಳಿಯಲ್ಲಿ ಕೇಳಿಸಿದ ಹಾಡಿನ ಬಗ್ಗೆ

ಹೆಸರು: ಹೆಲ್ಕಾ ಮೊಯ್ಲನೆನ್. ವಯಸ್ಸು: 54. ಕೆಲಸ: ಚಳಿಗಾಲದಲ್ಲಿ ಬೇಕರಿಯಲ್ಲಿ, ಬೇಸಿಗೆಯಲ್ಲಿ ಸರೋವರದ ದಡದ ಬಯಲು ರಂಗಮಂದಿರದಲ್ಲಿ ವೈರ್‌ಲೆಸ್ ಇಂಟರ್‌ಕಾಮ್ ನೋಡಿಕೊಳ್ಳುವುದು. ವಾಸ: ಮನೆ ನಂಬರ್ 7, ರಂತಕಾತು ಬೀದಿ, ಕೈಸ್ಲಯಾರ್ವಿ, ಫಿನ್ಲೆಂಡ್.

ಹಿರಿಯ ಕಾನ್ಸ್‌ಟೇಬಲ್ ಹಕಲಾ ಅವರ ಮುಂದೆ ಕುಳಿತು ನಾನು ತಿಳಿಸಬೇಕಾಗಿರುವುದೇನೆಂದರೆ, ಮೂರು ರಾತ್ರಿಯಿಂದ ನನಗೆ ಒಂದೇ ಕನಸು ಬೀಳುತ್ತಿದೆ. ನಾನು ರಂಗಮಂದಿರದ ನನ್ನ ಗೂಡಿನಲ್ಲಿ, ಎಂದರೆ ಇಂಟರ್‌ಕಾಮ್ ಇಡುವ ಪುಟ್ಟ ಕೋಣೆಯಲ್ಲಿ, ಕುಳಿತಿರುತ್ತೇನೆ. ಗೋಡೆಯ ಗೂಟಕ್ಕೆ ತೂಗುಹಾಕಿದ ಇಂಟರ್‌ಕಾಮ್ ಪೆಟ್ಟಿಗೆಗಳೆಲ್ಲ ನನ್ನ ಜೊತೆ ಕೆಲಸ ಮಾಡುವ ತೌನೊ ಅವರ ದನಿಯಲ್ಲಿ ಗುನುಗುತ್ತಿರುತ್ತವೆ. ನಾನು ಗುಂಡಿ ಒತ್ತಿ ಮಾತಾಡಲು ಬಾಯಿ ತೆರೆದರೆ ಬಾಯಿಂದ ಮೈದಾ ಹಿಟ್ಟು ಉದುರುತ್ತದೆ, ಮಾತು ಹೊರಡುವುದಿಲ್ಲ. ಕನಸು ಹೇಳಿಕೆಗೆ ಸೇರುವುದಿಲ್ಲ ಎಂದು ಹಕಲಾ ಅವರು ಹೇಳಿದರು. ನಡೆದದ್ದೂ ಹೆಚ್ಚುಕಡಿಮೆ ಹಾಗೇ ಇರುವುದರಿಂದ ಬರೆದುಕೊಳ್ಳಿ ಎಂದು ನಾನು ಕೇಳಿಕೊಂಡೆ. ಬರೆದುಕೊಂಡಿದ್ದಾರೆ.

ನಾನು ಏಳನೆಯ ತರಗತಿಗೆ ಎರಡು ಸಲ ಸೇರಿ ಎರಡು ಸಲವೂ ಬಿಟ್ಟವಳು. ಇಂಟರ್‌ಕಾಮ್ ಕೆಲಸವನ್ನು ನನಗಿಂತ ಮುಂಚೆ ಅದನ್ನು ಮಾಡುತ್ತಿದ್ದ ನನ್ನ ಅಣ್ಣ ಕಲಿಸಿದ್ದು. ಅದರ ಒಳಗಿನ ವಿದ್ಯೆ ನನಗೆ ಗೊತ್ತಿಲ್ಲ. ಹೇಗೆ ಇಡಬೇಕು ಎಂಬುದಷ್ಟೇ ಗೊತ್ತು. ಆದ್ದರಿಂದ ನಾನು ಹೇಳುವುದರಲ್ಲಿ ತಪ್ಪಿದ್ದರೆ ತಿಳಿದವರು ತಿದ್ದಬೇಕು. ಆದರೆ ಕೇಳಿಸಿದ್ದನ್ನು ಮಾತ್ರ ತಿದ್ದಬಾರದು.

ನಮ್ಮ ರಂಗಮಂದಿರದಲ್ಲಿ ವೇದಿಕೆ ತಿರುಗುವುದಿಲ್ಲ, ಜನ ಕುಳಿತ ಗ್ಯಾಲರಿಯೇ ತಿರುಗುತ್ತದೆ. ಒಂದು ದೃಶ್ಯ ಮರಗಳ ಕಡೆ ನಡೆದರೆ ಮುಂದಿನದು ನೀರಿನ ಕಡೆ ನಡೆಯುತ್ತದೆ. ಗ್ಯಾಲರಿಯಲ್ಲಿ ಎಂಟುನೂರು ಜನ ಕೂರುತ್ತಾರೆ. ಅದರ ಹೊರ ಅಂಚಿನ ಉಕ್ಕಿನ ತಗಡಿಗೂ ಕಲ್ಲಿನ ಕಟ್ಟೆಗೂ ನಡುವೆ ಒಬ್ಬ ಮನುಷ್ಯ ನಡೆಯುವಷ್ಟು ಜಾಗವಿದೆ. ಅದನ್ನು ಹೊರ ಹಳಿ ಎನ್ನುತ್ತೇವೆ. ಸರೋವರದ ಕಡೆ ಒಂದು ಜಾಗದಲ್ಲಿ ಕಟ್ಟೆ ಮುಂದಕ್ಕೆ ಚಾಚಿಕೊಂಡಿರುವುದರಿಂದ ಅಲ್ಲಿ ಜಾಗ ಒಂದು ಗೇಣು ಮಾತ್ರ, ಅಡ್ಡವಾಗಿ ನುಸುಳಬೇಕು. ಪ್ರತಿ ತಿರುವಿಗೆ ಮುಂಚೆ ತೌನೊ ರ್ಯಾಸನೆನ್ ಅವರು ಹೊರ ಹಳಿಯಲ್ಲಿ ನಡೆದು ನೋಡಿ ‘ದಾರಿ ಖಾಲಿ’ ಎನ್ನುತ್ತಾರೆ. ಪ್ರದರ್ಶನ ನಡೆಸುವ ಒಸ್ಮೊ ಅವರು ‘ತಯಾರು’ ಎನ್ನುತ್ತಾರೆ. ‘ತಯಾರು’ ಕೇಳಿದ ಕೂಡಲೇ ತೌನೊ ಅವರು ಹಳದಿ ಕಂಬದ ಹಿಂದಕ್ಕೆ ಹೋಗಿ ನಿಲ್ಲಬೇಕು. ಸ್ವಲ್ಪ ಹೊತ್ತಿನ ಮೇಲೆ ಒಸ್ಮೊ ಅವರು ‘ತಿರುಗಲಿ’ ಎಂದಾಗ ಸೈಯಾ ಕೊರ್ಪೆಲಾ ಅವರು ಗ್ಯಾಲರಿಯನ್ನು ತಿರುಗಿಸುವ ಗುಂಡಿ ಒತ್ತುತ್ತಾರೆ. ‘ದಾರಿ ಖಾಲಿ’ ಎಂದ ಮೇಲೆ ತೌನೊ ಅವರು ಮತ್ತೆ ಮಾತಾಡುವ ಪದ್ಧತಿ ಇಲ್ಲ. ಲೈನಿನಲ್ಲಿ ಅನಗತ್ಯ ಮಾತು ನಮಗೆ ಆಗುವುದಿಲ್ಲ. ಮಾತು ಬಾರದಿದ್ದರೆ ಎಲ್ಲವೂ ಸರಿ ಇದೆ ಎಂದೇ ಅರ್ಥ.

ಒಸ್ಮೊ ಮತ್ತು ಸೈಯಾ ಅವರಿಗೆ ತಂತಿಯ ಸಂಪರ್ಕವಿದೆ. ಓಡಾಡುವವರಿಗೆ ಸೊಂಟಕ್ಕೆ ಸಿಕ್ಕಿಸುವ ಪೆಟ್ಟಿಗೆ. ಅದಕ್ಕೆ ಎರಡು ಫ್ರೀಕ್ವೆನ್ಸಿ ಇಡಬೇಕು. ಒಂದು ನಮ್ಮ ಮಾತು ಅವರಿಗೆ ಹೋಗುವುದಕ್ಕೆ, ಇನ್ನೊಂದು ಅವರ ಮಾತು ನಮಗೆ ಬರುವುದಕ್ಕೆ. ಇವೆರಡೂ ಬೇರೆ ಬೇರೆ. ಒಂದು ಕೆಟ್ಟರೆ ಇನ್ನೊಂದು ಕೆಡುವುದಿಲ್ಲ. ಇದನ್ನು ಹಕಲಾ ಅವರಿಗೆ ಎರಡು ಸಲ ಹೇಳಿದ್ದೇನೆ. ಯಾಕೆಂದರೆ ಎಲ್ಲವೂ ಇದರ ಮೇಲೆಯೇ ನಿಂತಿದೆ.

ಈ ತಿಂಗಳು ಹೋಗುವ ಫ್ರೀಕ್ವೆನ್ಸಿಯಲ್ಲಿ ಕರಕರ ಶಬ್ದ ಶುರುವಾಗಿತ್ತು. ಗುಡ್ಡದ ಮೇಲೆ ಹೊಸ ಮೊಬೈಲ್ ಟವರ್ ಬಂದದ್ದರಿಂದ ಇರಬಹುದು, ನನಗೆ ಗೊತ್ತಿಲ್ಲ. ಶುಕ್ರವಾರ, ಆಗಸ್ಟ್ 15ರಂದು ಮಧ್ಯಾಹ್ನ ಸುಮಾರು ಹನ್ನೆರಡು ಗಂಟೆಗೆ ನಾನು ಹೊಸ ಫ್ರೀಕ್ವೆನ್ಸಿ ಹುಡುಕಿದೆ. ಪೆಟ್ಟಿಗೆಯ ಹೆಡ್‌ಫೋನನ್ನು ಕಿವಿಗಿಟ್ಟುಕೊಂಡು ಒಂದೊಂದೇ ನಂಬರನ್ನು ದಾಟುತ್ತಾ ಹೋಗಬೇಕು, ಎಲ್ಲಿ ಏನೂ ಕೇಳಿಸುವುದಿಲ್ಲವೋ ಅಲ್ಲಿ ನಿಲ್ಲಬೇಕು. ಒಂದು ನಂಬರಿನಲ್ಲಿ ಹಿಮ ಬಿದ್ದ ಮೇಲಿನ ಹಾಗೆ ನಿಶ್ಶಬ್ದವಿತ್ತು. ಅದನ್ನೇ ಇಟ್ಟೆ. ಹೊರ ಹಳಿಯನ್ನು ಪೂರ್ತಿ ಸುತ್ತಿ, ಸರೋವರದ ಕಡೆಯೂ ನಿಂತು ಕೇಳಿದೆ. ಸ್ವಚ್ಛವಾಗಿತ್ತು. ಆ ಸಂಜೆಯ ಪ್ರದರ್ಶನದಲ್ಲೂ ತೊಂದರೆ ಬರಲಿಲ್ಲ. ತೌನೊ ಅವರು ಪೆಟ್ಟಿಗೆ ವಾಪಸು ಕೊಡುವಾಗ, “ಬೆಣ್ಣೆ ಥರ ಇದೆ ಕಣೇ, ಒಸ್ಮೊ ಮೂಗು ಎಳ್ಕೊಳ್ಳೋದೂ ಕೇಳ್ಸುತ್ತೆ” ಎಂದರು.

ಶುಕ್ರವಾರ ಹೊಂಕನಿಯೆಮಿಯಲ್ಲಿ ಕುಣಿತ ಇರುವುದಿಲ್ಲ. ಹೊಂಕನಿಯೆಮಿ ಎಂದರೆ ಎದುರು ದಡದಲ್ಲಿರುವ ಕುಣಿತದ ಮಂಟಪ. ಶನಿವಾರ ಮಾತ್ರ, ಸಂಜೆ ಏಳರಿಂದ. ಇದು ನನಗೆ ಗೊತ್ತಿತ್ತು. ಊರಿನಲ್ಲಿ ಯಾರಿಗೆ ಗೊತ್ತಿಲ್ಲ. ತೌನೊ ಅವರೇ ಪ್ರದರ್ಶನವಿಲ್ಲದ ಶನಿವಾರಗಳಲ್ಲಿ ದೋಣಿ ಹಾಕಿಕೊಂಡು ಹೋಗಿ ಟ್ಯಾಂಗೊ ಕುಣಿಯುವವರು. ಆದರೆ ಹಾಡುಗಾರರ ಕೈಯಲ್ಲಿರುವ ಮೈಕಿಗೂ ತಂತಿ ಇಲ್ಲ, ಅದಕ್ಕೂ ಒಂದು ಫ್ರೀಕ್ವೆನ್ಸಿ ಇರುತ್ತದೆ ಎಂಬುದು ಶುಕ್ರವಾರ ಮಧ್ಯಾಹ್ನ ನನ್ನ ತಲೆಗೆ ಬರಲಿಲ್ಲ. ಎದುರು ದಡ ಆ ಹೊತ್ತಿನಲ್ಲಿ ಬೀಗ ಹಾಕಿಕೊಂಡು ಮಲಗಿತ್ತು.

ಶನಿವಾರ, ಆಗಸ್ಟ್ 16, ಈ ವರ್ಷದ ಕೊನೆಯ ಪ್ರದರ್ಶನ. ಕೊನೆಯ ದಿನ ಒಬ್ಬರಿಗೊಬ್ಬರು ಕೀಟಲೆ ಮಾಡುವುದು ನಮ್ಮಲ್ಲಿ ವಾಡಿಕೆ. ಪ್ರೇಕ್ಷಕರಿಗೆ ಗೊತ್ತಾಗಬಾರದು, ಆಟ ನಿಲ್ಲಬಾರದು, ಇಷ್ಟೇ ನಿಯಮ. ಕೀಟಲೆಗೆ ಸಿಕ್ಕವರು ದೂರು ಹೇಳಬಾರದು, ಹೇಳಿದರೆ ಸೋತ ಹಾಗೆ. ಹೋದ ವರ್ಷ ಕೊನೆಯ ದಿನ ನಾನು ತೌನೊ ಅವರ ಕಿವಿಗೆ ಮಾತ್ರ ಕೇಳಿಸುವಂತೆ ಕೋಳಿ ಕೂಗುವ ಸದ್ದು ಹಾಕಿದ್ದೆ. ಅದು ಪ್ರದರ್ಶನ ಶುರುವಾಗುವ ಮುಂಚೆ, ಪರೀಕ್ಷೆಯ ಹೊತ್ತಿನಲ್ಲಿ. ತಿರುವಿನ ಹೊತ್ತಿನಲ್ಲಿ ಯಾವತ್ತೂ ಹಾಕಿಲ್ಲ, ಹಾಕುವವಳೂ ಅಲ್ಲ. ಈ ವರ್ಷ ನಾನು ಮಾಡಿದ ಕೀಟಲೆ ಒಂದೇ. ತೌನೊ ಅವರ ಕೋಟಿನ ಎರಡೂ ಜೇಬಿಗೆ ಸ್ಪ್ರೂಸ್ ಮರದ ಕಾಯಿ ತುಂಬಿದ್ದೆ. ಕೋಟು ಇನ್ನೂ ಸಿಬ್ಬಂದಿ ಕೋಣೆಯ ಗೂಟದಲ್ಲೇ ಇದೆ. ದಯವಿಟ್ಟು ಜೇಬು ನೋಡಬೇಕು.

ಸಂಜೆ ಐದಕ್ಕೆ ಎಲ್ಲ ಪೆಟ್ಟಿಗೆಗಳನ್ನು ಪರೀಕ್ಷಿಸಿದೆ. ಸರಿ ಇದ್ದವು. ಆರಕ್ಕೆ ಪ್ರದರ್ಶನ ಶುರುವಾಯಿತು. ಏಳಕ್ಕೆ ಮಧ್ಯಂತರ. ಏಳೂ ಹತ್ತರ ಸುಮಾರಿಗೆ ತೌನೊ ಅವರು ನನ್ನ ಗೂಡಿಗೆ ಬಂದರು. ನಾನು ಕಾಫಿ ಮತ್ತು ಏಲಕ್ಕಿ ಬನ್ನು ಕೊಟ್ಟೆ, ಪೆಟ್ಟಿಗೆಗೆ ಹೊಸ ಬ್ಯಾಟರಿ ಹಾಕಿದೆ. ಕೋಟಿನ ಜೇಬು ನೆನಪಾಗಿ ನನಗೆ ನಗು ಬಂತು.

“ಯಾಕೆ ನಗ್ತಿದೀಯ? ಏನೋ ಮಾಡಿದೀಯ ನೀನು” ಎಂದರು.

ನಾನು ಏನೂ ಇಲ್ಲ ಎಂದೆ.

“ಏನೂ ಇಲ್ದೆ ನಗೋ ಮುಖ ಅಲ್ಲ ಅದು. ಮಾಡು ಮಾಡು ತಾಯಿ. ನನ್ ಬಾಯಿಂದ ಒಂದು ಮಾತು ಬಂದ್ರೆ ಕೇಳು” ಎಂದು ಹೇಳಿ ಬನ್ನಿನ ಅರ್ಧವನ್ನು ಕಿಸೆಗೆ ಹಾಕಿಕೊಂಡು ಹೋದರು. ಬ್ಯಾಟರಿ ಹಾಕಿದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ನಾನೂ ಮಾಡಲಿಲ್ಲ. ಇದನ್ನೂ ಬರೆದುಕೊಳ್ಳಿ.

ಏಳೂ ಇಪ್ಪತ್ತಕ್ಕೆ ಎರಡನೆಯ ಭಾಗ ಶುರುವಾಯಿತು. ಏಳೂ ನಲವತ್ತರ ಸುಮಾರಿಗೆ ಅದರ ಮೊದಲ ತಿರುವು. ನಾನು ಗೂಡಿನಲ್ಲಿ ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಕುಳಿತಿದ್ದೆ. ನನ್ನ ಗೂಡು ಗ್ಯಾಲರಿಯ ಕಾಡಿನ ಕಡೆಗಿದೆ, ಹೊರ ಹಳಿಯ ಸರೋವರದ ಭಾಗ ಅಲ್ಲಿಂದ ಕಾಣುವುದಿಲ್ಲ. ತೌನೊ ಅವರ ದನಿ ಬಂತು.

“ಒಳ್ಳೇ ಹಾಡು. ದಾರಿ ಖಾಲಿ.”

ಎದುರು ದಡದ ಹಾಡು ನೀರಿನ ಮೇಲಿಂದ ತೇಲಿ ಬಂದು ಸರೋವರದ ಕಡೆ ನಿಂತವರಿಗೆ ಬರಿಗಿವಿಗೇ ಸ್ವಲ್ಪ ಕೇಳಿಸುತ್ತದೆ. ಅದನ್ನೇ ಹೇಳುತ್ತಿದ್ದಾರೆ ಎಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡದ್ದು. ಒಸ್ಮೊ ಅವರು ‘ತಯಾರು’ ಎಂದರು. ನನಗೆ ಸ್ಪಷ್ಟವಾಗಿ ಕೇಳಿಸಿತು. ಕಾಡಿನ ಕಡೆಯಿದ್ದ ದೀಪದವರಿಗೂ ಕೇಳಿಸಿತು. ಆಮೇಲೆ ತೌನೊ ಅವರು ಗುನುಗುವುದು ಕೇಳಿಸಿತು. ಮೈಕಿನ ಗುಂಡಿ ಒತ್ತಿಕೊಂಡೇ ಇತ್ತು ಎಂದು ತೋರುತ್ತದೆ. ಲೈನಿನಲ್ಲಿ ಗುನುಗುವುದು ಅವರ ಪದ್ಧತಿಯಲ್ಲ. ಕೊನೆಯ ದಿನ, ಇರಲಿ ಎಂದುಕೊಂಡೆ. ನಾನು ಆಗ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಒಸ್ಮೊ ಅವರು ‘ತಿರುಗಲಿ’ ಎಂದರು. ಅದರ ನಂತರ, ನಾನು ಮತ್ತೆ ಹೇಳುತ್ತೇನೆ, ನಂತರ, ತೌನೊ ಅವರ ಮಾತು ಬಂತು.

“ಇಲ್ಲೊಂದು ಬಕೆಟ್ ಬಿದ್ದಿದೆ. ತೆಗೀತಿದೀನಿ.”

ಅದು ಹಾಲು ಕರೆಯುವ ಹುಡುಗಿಯ ಪಾತ್ರದವರು ಹಿಂದಿನ ದೃಶ್ಯದಲ್ಲಿ ಬಿಟ್ಟುಹೋದ ತಗಡಿನ ಬಕೆಟ್. ಬಿದ್ದಿದ್ದು ಕಟ್ಟೆ ಚಾಚಿಕೊಂಡ ಜಾಗದಲ್ಲಿ. ‘ದಾರಿ ಖಾಲಿ’ ಎಂದಾಗ ಅದು ತೌನೊ ಅವರ ಕಣ್ಣಿಗೆ ಬಿದ್ದಿರಲಿಲ್ಲ ಎಂದು ತೋರುತ್ತದೆ. ಸೈಯಾ ಅವರು ಆಗಲೇ ಗುಂಡಿ ಒತ್ತಿದ್ದರು. ಮಾತು ಕೇಳಿದ ಕೂಡಲೇ ನಿಲ್ಲಿಸುವ ಕೆಂಪು ಗುಂಡಿಯನ್ನೂ ಒತ್ತಿದರು. ಅದರ ಟಪ್ ಎನ್ನುವ ಸದ್ದು ನನ್ನ ಕಿವಿಗೆ ಬಂತು. ಆದರೆ ಎಂಟುನೂರು ಜನರ ಭಾರ ಹೊತ್ತ ಗ್ಯಾಲರಿ ಒತ್ತಿದ ಜಾಗದಲ್ಲೇ ನಿಲ್ಲುವುದಿಲ್ಲ. ಎರಡು ಮೀಟರ್ ಆದರೂ ಹೋಗುತ್ತದೆ.

ಲೈನಿನಲ್ಲಿ ಎಲ್ಲರೂ ಕೂಗಿದೆವು. ಒಸ್ಮೊ ಅವರು, “ತೌನೊ, ಈಚೆ ಬಾ, ಈಚೆ ಬಾರೋ” ಎಂದು ಕೂಗಿದರು. ನಾನು ಹೆಸರು ಮಾತ್ರ ಕೂಗಿದೆ, ಬೇರೆ ಮಾತು ಬರಲಿಲ್ಲ. ಅಷ್ಟು ಜನ ಕೂಗುತ್ತಿದ್ದರೆ ಮನುಷ್ಯನಾದವನು ಏನು ಎಂದಾದರೂ ಕೇಳುತ್ತಾನೆ. ತೌನೊ ಅವರು ಗುನುಗುತ್ತಲೇ ಇದ್ದರು. ಒಂದು ಸಾಲು ಮುಗಿಸಿ ಇನ್ನೊಂದು ಸಾಲಿಗೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಬಕೆಟ್ಟು ಚಪ್ಪಟೆಯಾದ ಸದ್ದು. ಆಮೇಲಿನದನ್ನು ಹೇಳುವುದಿಲ್ಲ, ಆಸ್ಪತ್ರೆಯವರ ಕಾಗದದಲ್ಲಿ ಇರುತ್ತದೆ.

ನಾನು ಓಡಿದೆ. ಗೂಡಿನಿಂದ ಅಲ್ಲಿಗೆ ಗ್ಯಾಲರಿಯನ್ನು ಅರ್ಧ ಸುತ್ತಬೇಕು. ಮೇಲೆ ಕುಳಿತ ಜನಕ್ಕೆ ಏನೂ ಗೊತ್ತಿರಲಿಲ್ಲ. ಇದೂ ಆಟದ ಭಾಗ ಎಂದುಕೊಂಡು ಯಾರೋ ಚಪ್ಪಾಳೆ ತಟ್ಟುತ್ತಿದ್ದರು. ನಾನು ಹೋಗುವಷ್ಟರಲ್ಲಿ ಸೈಯಾ ಅವರು ಗ್ಯಾಲರಿಯನ್ನು ಹಿಂದಕ್ಕೆ ಸರಿಸಿಯಾಗಿತ್ತು. ತೌನೊ ಅವರ ಹೆಡ್‌ಫೋನ್ ಕಿವಿಯಿಂದ ಜಾರಿ ತಂತಿಯ ತುದಿಗೆ ನೇತಾಡುತ್ತಿತ್ತು. ಅದನ್ನು ಎತ್ತಿ ಕಿವಿಗಿಡುವ ಬುದ್ಧಿ ನನಗೆ ಬರಲಿಲ್ಲ. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಪೊಲೀಸರು ಬಂದು ಪೆಟ್ಟಿಗೆ ಆರಿಸಿ ಸೀಲು ಮಾಡಿದರು.

ಭಾನುವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೌನೊ ಅವರ ಹೇಳಿಕೆ ತೆಗೆದುಕೊಂಡಿದ್ದಾರೆ. ತನಗೆ ‘ತಯಾರು’ ಎಂದೂ ‘ತಿರುಗಲಿ’ ಎಂದೂ ಏನೂ ಕೇಳಿಸಲಿಲ್ಲ, ಇನ್ನೂ ಹೊತ್ತಿದೆ ಎಂದುಕೊಂಡು ಬಕೆಟ್ ಇದೆ ಎಂದು ಹೇಳಿಯೇ ಒಳಗೆ ಹೋದೆ ಎಂದು ಅವರು ಹೇಳಿದ್ದಾರಂತೆ. ಅದು ನಿಜ. ಒಸ್ಮೊ ಮತ್ತು ಸೈಯಾ ಅವರು ‘ತಿರುಗಲಿ’ ಎಂದ ಮೇಲೆಯೇ ಬಕೆಟ್ಟಿನ ಮಾತು ಬಂದದ್ದು ಎಂದಿದ್ದಾರೆ. ಅದೂ ನಿಜ. ಎರಡು ಹೇಳಿಕೆ ಕೂಡುವುದಿಲ್ಲ, ನೀವೆಲ್ಲ ಒಂದೇ ಗುಂಪಿನವರು, ಆಸ್ಪತ್ರೆಯಲ್ಲಿರುವವರು ಸುಳ್ಳು ಹೇಳಲು ಕಾರಣವಿಲ್ಲ ಎಂದು ಹಕಲಾ ಅವರು ಹೇಳಿದರು. ಬಕೆಟ್ಟಿನ ಮಾತು ಕೇಳಿಯೂ ಸೈಯಾ ಅವರು ಗುಂಡಿ ಒತ್ತಿದ್ದಾರೆ ಎಂಬುದು ಈಗಿನ ಅನುಮಾನ.

ಭಾನುವಾರ ಮಧ್ಯಾಹ್ನ ನಾನು ಆಸ್ಪತ್ರೆಗೆ ಹೋದೆ. ಹೋಗಬಾರದಿತ್ತು ಎಂದು ಈಗ ಹೇಳುತ್ತಾರೆ. ಎಡಗಾಲಿನ ಪಾದ ಉಳಿಯಲಿಲ್ಲ ಎಂದು ನರ್ಸ್ ಬಾಗಿಲಲ್ಲೇ ಹೇಳಿದರು. ತೌನೊ ಅವರ ಮುಖ ಬಿಳಿಚಿಕೊಂಡಿತ್ತು. ನನ್ನನ್ನು ನೋಡಿ, “ಅಳ್ಬೇಡ. ಹೊಂಕನಿಯೆಮಿ ಹೆಂಗಸರೆಲ್ಲ ಇವತ್ತು ದೀಪ ಹಚ್ಚಿರ್ತಾರೆ, ಅವ್ರ ಕಾಲ್ಬೆರಳು ಉಳೀತು ಅಂತ” ಎಂದರು. ಆಮೇಲೆ ಹತ್ತಿರ ಬಾ ಎಂದು ಕೈಸನ್ನೆ ಮಾಡಿದರು.

“ಹಾಡಿನ ವಿಷ್ಯ ನಾನು ಹೇಳಿಲ್ಲ. ನೀನೂ ಬಾಯಿ ಬಿಡ್ಬೇಡ.”

ಯಾವ ಹಾಡು ಎಂದು ಕೇಳಿದೆ.

“ನೀನು ಹಾಕಿದ ಹಾಡು. ಕಿವಿ ತುಂಬಾ ಟ್ಯಾಂಗೊ. ನಾನು ಬಾಯಿ ಬಿಡಲ್ಲ ಅಂದಿದ್ನಲ್ಲ, ಬಿಡ್ಲಿಲ್ಲ. ಏನೂ ಕೇಳಿಸ್ಲಿಲ್ಲ ಅಂತ ಪೊಲೀಸರಿಗೆ ಹೇಳ್ದೆ, ಅಷ್ಟೇ.”

ನಾನು ಯಾವ ಹಾಡನ್ನೂ ಹಾಕಿಲ್ಲ ಎಂದೆ. ಅದು ಎದುರು ದಡದ ಮೈಕಿನದು ಇರಬೇಕು, ನಾನಿಟ್ಟ ಫ್ರೀಕ್ವೆನ್ಸಿಯೇ ಅವರದೂ ಇರಬೇಕು ಎಂದೆ. ಅವರು ನನ್ನ ಕೈ ತಟ್ಟಿದರು.

“ಸರಿ ಸರಿ. ಹಾಗೇ ಹೇಳ್ತಿರು.”

ಸೈಯಾ ಅವರ ಮೇಲೆ ಬರುತ್ತಿದೆ, ನಿಜ ಹೇಳಿ ಎಂದು ಬೇಡಿಕೊಂಡೆ. “ಅವಳಿಗೇನಾಗುತ್ತೆ. ಯಂತ್ರದ ದೋಷ ಅಂತ ಬರ್ಕೊಂಡು ಮುಚ್ತಾರೆ. ಕೀಟಲೆ ಅಂದ್ರೆ ನಿನ್ನ ಜೈಲಿಗೆ ಹಾಕ್ತಾರೆ ಹುಚ್ಚಿ” ಎಂದರು. ಆಣೆ ಮಾಡಿದೆ. ಆಗಲೂ ನಂಬಲಿಲ್ಲ. ನೋವಿನ ಔಷಧಿಗೆ ಕಣ್ಣು ಮುಚ್ಚಿಹೋಗುತ್ತಿತ್ತು. ನನ್ನನ್ನು ಕಾಪಾಡಿದ ಸಮಾಧಾನದಲ್ಲಿ ನಿದ್ದೆ ಹೋದರು. ನಾನು ಎಬ್ಬಿಸಲಿಲ್ಲ.

ಸೋಮವಾರ ಬೆಳಿಗ್ಗೆ ಪೊಲೀಸ್ ತಂತ್ರಜ್ಞರು ಠಾಣೆಯಲ್ಲಿ ಪೆಟ್ಟಿಗೆಯನ್ನು ಹಾಕಿ ನೋಡಿದರು. ಒಳ್ಳೆಯವರು, ತಾಳ್ಮೆಯಿಂದ ನನ್ನ ಮಾತು ಕೇಳಿಸಿಕೊಂಡರು. ಪೆಟ್ಟಿಗೆ ಸರಿ ಇದೆ, ಫ್ರೀಕ್ವೆನ್ಸಿ ಖಾಲಿ ಇದೆ, ಬೇರೆ ಯಾವ ಸದ್ದೂ ಇಲ್ಲ ಎಂದು ಬರೆದರು. ಹಾಡು ಬೇರೆ ಪೆಟ್ಟಿಗೆಗಳಿಗೆ ಯಾಕೆ ಬರಲಿಲ್ಲ ಎಂದು ಕೇಳಿದರು. ಅವು ನನ್ನ ಆಂಟೆನಾದ ಹತ್ತಿರ ಇದ್ದವು, ತೌನೊ ಅವರು ಗ್ಯಾಲರಿಯ ಹಿಂದೆ ಇದ್ದರು, ನನಗೂ ಅವರಿಗೂ ನಡುವೆ ಅಷ್ಟು ಉಕ್ಕು, ಎದುರು ದಡಕ್ಕೂ ಅವರಿಗೂ ನಡುವೆ ಬರೀ ನೀರು, ಯಾರ ದನಿ ಜೋರೋ ಅದೇ ಕಿವಿಗೆ ಬೀಳುತ್ತದೆ ಎಂದು ನನಗೆ ತೋಚಿದ್ದನ್ನು ಹೇಳಿದೆ. ಇರಬಹುದು, ಆದರೆ ಇರಬಹುದು ಎಂದು ವರದಿಯಲ್ಲಿ ಬರೆಯಲು ಬರುವುದಿಲ್ಲ ಎಂದರು. ಹಾಡಿನ ಮಾತನ್ನು ತೌನೊ ಅವರೇ ಹೇಳಿದ್ದು ಎಂದೆ. ಅವರ ಹೇಳಿಕೆಯಲ್ಲಿ ಅದು ಇಲ್ಲ, ನೀವು ಹೋಗಿ ಬಂದ ಮೇಲೆ ಅವರು ಹೇಳಿಕೆ ಬದಲಾಯಿಸಿದರೆ ಅದಕ್ಕೆ ಬೆಲೆ ಇರುವುದಿಲ್ಲ ಎಂದು ಹಕಲಾ ಅವರು ಹೇಳಿದರು. ಅವರು ಹೇಳಿದ್ದೂ ಸರಿಯೇ ಇದೆ.

ಸೈಯಾ ಅವರು ವರ್ಷದ ಉಳಿದ ತಿಂಗಳು ಶಾಲೆಯ ಮಕ್ಕಳ ಬಸ್ಸು ಓಡಿಸುವವರು. ಸೋಮವಾರದಿಂದ ಅವರನ್ನು ಬಸ್ಸಿಗೆ ಹತ್ತಿಸಿಲ್ಲ. ಮೊಕದ್ದಮೆ ಆದರೆ ಮತ್ತೆ ಹತ್ತಿಸುವುದಿಲ್ಲ. ಸೋಮವಾರ ಸಂಜೆ ನನ್ನ ಅಡುಗೆಮನೆಗೆ ಬಂದು ಕುಳಿತರು. ಕಾಫಿ ಮುಟ್ಟಲಿಲ್ಲ.

“ಹೆಲ್ಕಾ, ಅವ್ನು ಆಮೇಲಲ್ವಾ ಹೇಳಿದ್ದು? ನಾನು ಒತ್ತಿದ ಮೇಲೆ?”

ಹೌದು, ಆಮೇಲೆ ಎಂದೆ.

“ನಂಗೂ ಹಾಗೇ ನೆನಪು. ಆದ್ರೆ ಅಷ್ಟು ಸಲ ಕೇಳಿದ್ರಲ್ಲ ಅವ್ರು. ರಾತ್ರಿ ಯೋಚ್ನೆ ಮಾಡ್ತಾ ಮಾಡ್ತಾ ಮೊದ್ಲೇ ಕೇಳಿಸ್ದಂಗೆ ಆಗೋಯ್ತು. ಒಂದ್ವೇಳೆ ಕೇಳಿಸ್ಕೊಂಡೂ ಒತ್ತಿಬಿಟ್ನೇನೋ.”

ಕೇಳಿಸಿಕೊಂಡು ನೀನು ಒತ್ತಲಿಲ್ಲ ಎಂದೆ. ಬೆಳಿಗ್ಗೆ ತನ್ನ ಬಸ್ಸು ಮನೆಯ ಮುಂದೆ ಹಾದುಹೋಯಿತು, ಬೇರೆ ಯಾರೋ ಓಡಿಸುತ್ತಿದ್ದರು, ಮಕ್ಕಳು ಎಂದಿನಂತೆ ಕೈ ಬೀಸಿದರು ಎಂದು ಹೇಳಿ ಎದ್ದು ಹೋದರು. ಅವರು ಈಗ ಠಾಣೆಗೆ ಬಂದು ತಪ್ಪು ನನ್ನದೇ ಎಂದು ಬರೆದುಕೊಟ್ಟುಬಿಟ್ಟರೆ ಎಂಬುದು ನನ್ನ ಭಯ. ಅವರು ಬಂದರೆ ದಯವಿಟ್ಟು ವಾಪಸು ಕಳಿಸಿ.

ಹೊಂಕನಿಯೆಮಿಯ ಮೇಲ್ವಿಚಾರಕರಿಗೆ ಫೋನ್ ಮಾಡಿದೆ. ಹಾಡುಗಾರರ ಮೈಕಿನ ನಂಬರ್ ತನಗೆ ಗೊತ್ತಿಲ್ಲ, ಅವರು ಊರೂರು ತಿರುಗುವವರು, ಅವರನ್ನೇ ಕೇಳಬೇಕು ಎಂದರು. ಹಾಡುಗಾರರು ಫೋನ್ ಎತ್ತಲಿಲ್ಲ. ಬರುವ ಶನಿವಾರ, 23ರಂದು ಮತ್ತೆ ಅದೇ ತಂಡ ಹಾಡುತ್ತದೆ. ಅದು ಈ ವರ್ಷದ ಕೊನೆಯ ಕುಣಿತ. ಆಮೇಲೆ ಮಂಟಪಕ್ಕೆ ಮೇ ತಿಂಗಳವರೆಗೆ ಬೀಗ.

ಓದಿ ಹೇಳಿಸಿಕೊಂಡೆ. ನಾನು ಹೇಳಿದಂತೆಯೇ ಇದೆ. ನನಗೆ ಗೊತ್ತಿರುವಷ್ಟರಲ್ಲಿ ಇದರಲ್ಲಿ ಸುಳ್ಳಿಲ್ಲ. ಗೊತ್ತಿಲ್ಲದಿರುವುದನ್ನು ಗೊತ್ತಿಲ್ಲ ಎಂದೇ ಹೇಳಿದ್ದೇನೆ.

ಸ್ಥಳ: ಕೈಸ್ಲಯಾರ್ವಿ ಪೊಲೀಸ್ ಠಾಣೆ
ದಿನಾಂಕ: 19 ಆಗಸ್ಟ್ 2025, ಮಂಗಳವಾರ
ಸಹಿ: ಹೆಲ್ಕಾ ಮೊಯ್ಲನೆನ್

ಸಹಿ ಮಾಡಿದ ಮೇಲೆ ಕೇಳಿ ಬರೆಸಿದ್ದು: ಆ ಪೆಟ್ಟಿಗೆಯನ್ನು ಹಗಲು ಹೊತ್ತಿನಲ್ಲಿ ಠಾಣೆಯಲ್ಲಿ ನೋಡಿದ್ದೀರಿ. ಹಗಲಿನಲ್ಲಿ ನಾನೂ ನೋಡಿದ್ದೆ, ನನಗೂ ಏನೂ ಕೇಳಿಸಿರಲಿಲ್ಲ. ಶನಿವಾರ ಸಂಜೆ ಕುಣಿತ ಶುರುವಾದ ಮೇಲೆ ಅದನ್ನು ಹೊರ ಹಳಿಗೆ, ಕಟ್ಟೆ ಚಾಚಿಕೊಂಡ ಜಾಗಕ್ಕೆ ತೆಗೆದುಕೊಂಡು ಹೋಗಿ. ನಾನು ಬರುವುದಿಲ್ಲ, ನಾನೇ ಏನೋ ಮಾಡಿದೆ ಎನ್ನಬಾರದು. ನನ್ನ ಗೂಡಿನ ಬೀಗದ ಕೈಯನ್ನೂ ಇಲ್ಲೇ ಮೇಜಿನ ಮೇಲೆ ಇಟ್ಟಿದ್ದೇನೆ. ನಿಮ್ಮವರು ಒಬ್ಬರು ಗೂಡಿನಿಂದ ‘ತಯಾರು’ ಎನ್ನಲಿ, ಇನ್ನೊಬ್ಬರು ತೌನೊ ನಿಂತಲ್ಲಿ ನಿಂತು, ಸರೋವರದ ಕಡೆ ಮುಖ ಮಾಡಿ, ಇನ್ನೊಂದೇ ಒಂದು ಸಲ ಕಿವಿಗಿಟ್ಟು ಕೇಳಿ ನೋಡಿ.